21 ತಿಂಗಳ ಮಗುವಿನ ಜೊತೆ ಮಲೆನಾಡಿಗೆ: ನಾಲ್ಕು ಹೋಂಸ್ಟೇ ಬೇಡ, ಒಂದು ಸಾಕು

ಪ್ರಶ್ನೆ: ನಾವು ಬೆಂಗಳೂರಿನವರು. ಡಿಸೆಂಬರ್ ಕೊನೆಯ ವಾರ ಐದು ದಿನ ರಜೆ ಸಿಕ್ಕಿದೆ. ನಾನು, ಗಂಡ, ಅತ್ತೆ ಮತ್ತು 21 ತಿಂಗಳ ಮಗಳು ನಮ್ಮ ಕಾರಿನಲ್ಲೇ ಶಿವಮೊಗ್ಗದ ಕಡೆ ಹೊರಡುವ ಯೋಚನೆಯಲ್ಲಿದ್ದೇವೆ. ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಸಾಗರ ಅಂತ ದಿನಕ್ಕೊಂದರಂತೆ ನಾಲ್ಕು ಹೋಂಸ್ಟೇ ನೋಡಿಟ್ಟಿದ್ದೇವೆ. ಇನ್ನೂ ದುಡ್ಡು ಕಟ್ಟಿಲ್ಲ. ಅತ್ತೆಗೆ ಸಿಗಂದೂರಿಗೆ ಹೋಗುವ ಆಸೆ. ಆದರೆ ಮಂಗನ ಕಾಯಿಲೆ ಇರುವ ಊರಿಗೆ ಇಷ್ಟು ಚಿಕ್ಕ ಮಗುವನ್ನು ಕರೆದುಕೊಂಡು ಹೋಗ್ತೀರಾ ಅಂತ ನೆಂಟರು ಹೆದರಿಸುತ್ತಿದ್ದಾರೆ. ಹೋಗಬಹುದಾ? ದಾರಿಯಲ್ಲಿ ವಾಂತಿಯಾದರೆ ಯಾವ ಔಷಧಿ ಕೊಡಬಹುದು? ಹೋಂಸ್ಟೇಯಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: ಹೋಗಿ ಬನ್ನಿ. ಮಗು ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ಮಲೆನಾಡನ್ನು ಮುಂದೂಡಬೇಕಿಲ್ಲ. ಶಿವಮೊಗ್ಗದಲ್ಲಿ ಮಕ್ಕಳ ವೈದ್ಯನಾಗಿರುವ ನಾನು ಎರಡು ಥರದ ಮಕ್ಕಳನ್ನು ನೋಡುತ್ತೇನೆ. ಇಲ್ಲೇ ಹುಟ್ಟಿ ತೋಟದಲ್ಲಿ ಓಡಾಡಿ ಬೆಳೆಯುವವರು ಒಂದು ಕಡೆ, ರಜೆಗೆ ಬಂದು ಹುಷಾರು ತಪ್ಪಿದವರು ಇನ್ನೊಂದು ಕಡೆ. ರಜೆಗೆ ಬಂದ ಮಕ್ಕಳಲ್ಲಿ ಕಾಡಿನಿಂದ ತೊಂದರೆಯಾದವರು ಕಡಿಮೆ. ಕಾರಿನಲ್ಲಿ ಸುಸ್ತಾದವರು, ಬಿಸಿನೀರು ಮೈಮೇಲೆ ಬಿದ್ದವರು, ಜಗಲಿಯಿಂದ ಉರುಳಿದವರೇ ಜಾಸ್ತಿ. ಅಂದರೆ ಕಾಡಿಗಿಂತ ದಾರಿ ಮತ್ತು ಮನೆಯ ಬಗ್ಗೆ ನೀವು ಹೆಚ್ಚು ಯೋಚಿಸಬೇಕು.

ಅದಕ್ಕೇ ಮೊದಲು ನಿಮ್ಮ ಪ್ಲಾನ್ ಬದಲಾಯಿಸಿ. ಐದು ದಿನಕ್ಕೆ ನಾಲ್ಕು ಮನೆ ಬೇಡವೇ ಬೇಡ. ಈ ವಯಸ್ಸಿನ ಮಗು ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಮಧ್ಯರಾತ್ರಿ ಎದ್ದು ಇದು ಯಾವ ಮನೆ ಅಂತ ಅಳುತ್ತದೆ. ಎರಡನೇ ರಾತ್ರಿ ಸ್ವಲ್ಪ ಒಗ್ಗುತ್ತದೆ. ಮೂರನೇ ದಿನಕ್ಕೆ ಆ ಮನೆಯ ಬೆಕ್ಕು ಎಲ್ಲಿ ಮಲಗುತ್ತದೆ, ಕರು ಎಲ್ಲಿ ಕಟ್ಟಿರುತ್ತದೆ ಅಂತ ಅದಕ್ಕೆ ಗೊತ್ತಾಗಿರುತ್ತದೆ. ಆಮೇಲೆ ಅಮ್ಮನ ಸೊಂಟ ಬಿಟ್ಟು ತಾನೇ ಓಡಾಡುತ್ತದೆ. ನೀವು ದಿನಕ್ಕೊಂದು ಮನೆ ಬದಲಿಸಿದರೆ ನಾಲ್ಕು ರಾತ್ರಿಯೂ ಮೊದಲ ರಾತ್ರಿಯೇ. ನಿದ್ದೆ ಕೆಟ್ಟ ಮಗು ಊಟ ಬಿಡುತ್ತದೆ. ಊಟ ಬಿಟ್ಟ ಮಗು ಕಾರಿನಲ್ಲಿ ಕೂರುವುದಿಲ್ಲ. ನಿಮ್ಮ ರಜೆಯೆಲ್ಲ ಅದನ್ನು ಸಮಾಧಾನ ಮಾಡುವುದರಲ್ಲೇ ಕಳೆದುಹೋಗುತ್ತದೆ.

ನಾಲ್ಕು ಊರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಅತ್ತೆಯವರಿಗೆ ಸಿಗಂದೂರು ಬೇಕು ಅಂತಿದ್ದೀರಿ. ಹಾಗಾದರೆ ಸಾಗರ. ಆಗುಂಬೆ, ಹೊಸನಗರ, ತೀರ್ಥಹಳ್ಳಿಯನ್ನು ಈ ಸಲ ಬಿಟ್ಟುಬಿಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಿಮ್ಮ ಮಗಳು ದೊಡ್ಡವಳಾದ ಮೇಲೂ ಅವು ಅಲ್ಲೇ ಇರುತ್ತವೆ. ಸಿಗಂದೂರಿಗೆ ಮೊದಲು ಶರಾವತಿ ಹಿನ್ನೀರಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ರಜೆ ದಿನಗಳಲ್ಲಿ ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ನಿಲ್ಲುವುದೇ ಒಂದು ಶಿಕ್ಷೆಯಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ನೇರ ಕಾರಲ್ಲೇ ದಾಟಬಹುದು. ದೇವಸ್ಥಾನದಲ್ಲಿ ಡಿಸೆಂಬರ್ ಕೊನೆಗೆ ಜನ ಇದ್ದೇ ಇರುತ್ತಾರೆ. ಬೆಳಿಗ್ಗೆ ಬೇಗ ಹೊರಡಿ. ಸಾಲು ಉದ್ದ ಇದ್ದರೆ ಅತ್ತೆಯ ಜೊತೆ ಒಬ್ಬರು ನಿಲ್ಲಿ, ಇನ್ನೊಬ್ಬರು ಮಗುವನ್ನು ನೆರಳಲ್ಲಿ ಆಡಿಸಿ.

ಬೆಂಗಳೂರಿಂದ ಸಾಗರಕ್ಕೆ ಒಂದೇ ದಿನದಲ್ಲಿ ಹೋಗಬೇಡಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಅಂತ ಸಾಗುವ ದಾರಿ. ಅಲ್ಲಿಂದ ಸಾಗರಕ್ಕೆ ಇನ್ನೂ 70 ಕಿಲೋಮೀಟರ್. ದೊಡ್ಡವರು ಆರು ಗಂಟೆಯಲ್ಲಿ ಶಿವಮೊಗ್ಗ ಮುಟ್ಟಿದರೆ, ಮಗುವಿನ ಜೊತೆ ಎಂಟು ಗಂಟೆ ಇಟ್ಟುಕೊಳ್ಳಿ. ಮೊದಲ ರಾತ್ರಿ ಶಿವಮೊಗ್ಗದಲ್ಲೇ ಉಳಿಯಿರಿ. ಮರುದಿನ ಬೆಳಿಗ್ಗೆ ಸಕ್ರೆಬೈಲಿಗೆ ಹೋಗಿ. ಊರಿಂದ 14 ಕಿಲೋಮೀಟರ್, ತೀರ್ಥಹಳ್ಳಿ ರಸ್ತೆಯಲ್ಲಿ. ಅಲ್ಲಿ ಬಿಡಾರದ ಆನೆಗಳನ್ನು ತುಂಗೆಯ ಹಿನ್ನೀರಲ್ಲಿ ಮಾವುತರು ಮೀಯಿಸುತ್ತಾರೆ. ಇದೆಲ್ಲ ಬೆಳಗಿನ ಹೊತ್ತು ಮಾತ್ರ, ತಡವಾದರೆ ಆನೆಗಳು ಕಾಡಿಗೆ ಹೊರಟುಬಿಡುತ್ತವೆ. 21 ತಿಂಗಳ ಮಗುವಿಗೆ ಜೋಗದ ಗುಂಡಿಗಿಂತ ಒಂದು ಆನೆಮರಿ ನೀರು ಚಿಮ್ಮಿಸುವುದು ದೊಡ್ಡ ವಿಷಯ. ಹತ್ತಿರ ಹೋಗಿ ಮುಟ್ಟಿಸುವ ಆಸೆ ಬೇಡ, ದೂರದಿಂದ ತೋರಿಸಿ. ಹೊಟ್ಟೆ ತುಂಬ ಊಟ ಮಾಡಿಸಿ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಕಾರು ಹತ್ತಿಸಿದರೆ ಸಾಗರ ಬರುವವರೆಗೆ ಮಲಗುತ್ತಾಳೆ. ಆಮೇಲೆ ಮೂರು ರಾತ್ರಿ ಒಂದೇ ಮನೆ.

ವಾಪಸ್ ಬರುವ ದಿನ ಉದ್ದ. ಬೆಳಗಿನ ಜಾವ ಐದಕ್ಕೇ ಹೊರಟರೆ ಮೊದಲ ಎರಡು ಗಂಟೆ ಮಗು ನಿದ್ದೆಯಲ್ಲೇ ಇರುತ್ತದೆ. ಮಂಜಿದ್ದರೆ ಮಾತ್ರ ಬೆಳಕು ಹರಿಯಲಿ, ಅವಸರ ಮಾಡಬೇಡಿ. ಇನ್ನೊಂದು ದಾರಿಯೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ತಾಳಗುಪ್ಪದಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು ಸಾಗರದಲ್ಲಿ ನಿಲ್ಲುತ್ತದೆ. ನೀವು, ಅತ್ತೆ, ಮಗು ಅದರಲ್ಲಿ ಮಲಗಿ ಬನ್ನಿ. ಯಜಮಾನರು ಚೆನ್ನಾಗಿ ನಿದ್ದೆ ಮಾಡಿ ಮರುದಿನ ಬೆಳಿಗ್ಗೆ ಕಾರು ತರಲಿ. ವರ್ಷದ ಕೊನೆಯ ವಾರ ಟಿಕೆಟ್ ಸಿಗುವುದು ಕಷ್ಟ, ಈಗಲೇ ನೋಡಿ.

ಈಗ ಕಾರಿನ ವಿಷಯ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಮಗಳಿಗೆ ಚೈಲ್ಡ್ ಸೀಟ್ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ, ಆಮೇಲೆ ಹೋಂಸ್ಟೇಗೆ ದುಡ್ಡು ಕಟ್ಟಿ. "ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂತ ಎಲ್ಲ ಅಜ್ಜಿಯರೂ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಓಡುವ ಕಾರು ಏನಕ್ಕಾದರೂ ಗುದ್ದಿ ನಿಂತ ಆ ಒಂದು ಕ್ಷಣದಲ್ಲಿ ಹತ್ತು ಕಿಲೋ ಮಗು ಎಷ್ಟೋ ಪಟ್ಟು ಭಾರವಾಗಿ ಮುಂದಕ್ಕೆ ಎಸೆಯಲ್ಪಡುತ್ತದೆ. ಯಾರ ತೋಳಿಗೂ ಅದನ್ನು ಹಿಡಿಯುವ ಶಕ್ತಿ ಇಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಕ್ಕಳು ಸೀಟ್ ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಇರಲೇಬೇಕು, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಕೊಳ್ಳುವಾಗ ಆರ್44 ಅಥವಾ ಆರ್129 ಅನ್ನುವ ಸುರಕ್ಷತಾ ಗುರುತು ನೋಡಿ. ಎರಡು ವರ್ಷದವರೆಗೆ, ಸೀಟಿನ ಅಳತೆ ಒಪ್ಪಿದರೆ ಅದಕ್ಕಿಂತ ಹೆಚ್ಚು ಕಾಲ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕೂರಿಸುವುದು ಒಳ್ಳೆಯದು. ಗುದ್ದಿದ ಪೆಟ್ಟು ಆಗ ಕುತ್ತಿಗೆಯ ಮೇಲೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಡಿಸೆಂಬರಲ್ಲಿ ಬೆಳಗಿನ ಜಾವ ಚಳಿ ಅಂತ ದಪ್ಪ ಜಾಕೆಟ್ ಹಾಕಿ ಬೆಲ್ಟ್ ಬಿಗಿಯಬೇಡಿ. ಜಾಕೆಟ್ಟಿನೊಳಗಿನ ಗಾಳಿಯಿಂದ ಬೆಲ್ಟ್ ಸಡಿಲವೇ ಉಳಿಯುತ್ತದೆ. ತೆಳ್ಳಗಿನ ಬಟ್ಟೆಯಲ್ಲಿ ಬೆಲ್ಟ್ ಹಾಕಿ, ಮೇಲಿಂದ ಕಂಬಳಿ ಹೊದಿಸಿ.

ಸೀಟನ್ನು ಹೊರಡುವ ದಿನವೇ ಮೊದಲ ಸಲ ತೋರಿಸಿದರೆ ಮಗು ಕೂರುವುದಿಲ್ಲ, ನೆಲಮಂಗಲ ದಾಟುವಷ್ಟರಲ್ಲಿ ಅಜ್ಜಿಯ ತೊಡೆಗೆ ಬಂದಿರುತ್ತದೆ. ಎರಡು ವಾರ ಮೊದಲೇ ಮನೆಯ ಹಾಲ್‌ನಲ್ಲಿಟ್ಟು ಅದರಲ್ಲಿ ಕೂತು ಆಡಲಿ. ಆಮೇಲೆ ತರಕಾರಿ ತರಲು, ಪಾರ್ಕಿಗೆ ಅಂತ ಚಿಕ್ಕ ಓಡಾಟಗಳಲ್ಲಿ ಅಭ್ಯಾಸ ಮಾಡಿಸಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಸೀಟಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಓಡಾಡಲು ಬಿಡಿ. ಹೆದ್ದಾರಿಯ ಪಕ್ಕದಲ್ಲಿ ಬೇಡ, ಪೆಟ್ರೋಲ್ ಬಂಕ್ ಅಥವಾ ಹೋಟೆಲ್ಲಿನ ಒಳಗಿನ ಜಾಗದಲ್ಲಿ. ಆಗ ಒಬ್ಬರ ಕೈ ಅವಳ ಕೈಯಲ್ಲೇ ಇರಬೇಕು.

ವಾಂತಿಯ ಔಷಧಿ ಕೇಳಿದ್ದೀರಿ. ನಿಮ್ಮ ಮಗಳಿಗೆ ಅದರ ಅಗತ್ಯ ಬರುವುದು ಅಪರೂಪ. ಕಾರಿನ ತಿರುವಿನಲ್ಲಿ ಬರುವ ವಾಂತಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಷ್ಟಾಗಿ ಬರುವುದಿಲ್ಲ. ಕಿವಿಯೊಳಗಿನ ಸಮತೋಲದ ಅಂಗ "ಅಲುಗಾಡ್ತಿದ್ದೀವಿ" ಅನ್ನುತ್ತದೆ, ಕಣ್ಣು "ಇಲ್ಲ, ಕೂತಲ್ಲೇ ಇದ್ದೀವಿ" ಅನ್ನುತ್ತದೆ. ಈ ಗೊಂದಲದಿಂದ ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ. ಇನ್ನೂ ಚಿಕ್ಕವರು ದಾರಿಯಲ್ಲಿ ಕಕ್ಕಿದರೆ ಬೇರೆ ಕಾರಣವೇ ಹೆಚ್ಚು. ಹೊರಡುವ ಮುಂಚೆ ತುಂಬ ಹಾಲು ಕುಡಿದಿರುತ್ತಾರೆ, ಅತ್ತೂ ಅತ್ತೂ ಕೆಮ್ಮಿರುತ್ತಾರೆ, ಇಲ್ಲ ಕಾರಿನೊಳಗೆ ಸೆಕೆಯಾಗಿರುತ್ತದೆ. ಹಾಗಾಗಿ ಹಾಲು ಕುಡಿಸಿ ಒಂದು ಗಂಟೆ ಬಿಟ್ಟು ಹೊರಡಿ. ದಾರಿಯಲ್ಲಿ ಸ್ವಲ್ಪ ಸ್ವಲ್ಪ ಇಡ್ಲಿ, ಬಾಳೆಹಣ್ಣು, ಅವಲಕ್ಕಿ ಕೊಡಿ. ಕಿಟಕಿ ಸ್ವಲ್ಪ ಇಳಿಸಿ. ಮೊಬೈಲ್ ಕೈಗೆ ಕೊಡಬೇಡಿ.

ಔಷಧಿ ಅಂಗಡಿಯಲ್ಲಿ ಕೇಳಿದರೆ ಅವೊಮಿನ್ ಕೊಟ್ಟುಬಿಡುತ್ತಾರೆ. ಅದರಲ್ಲಿರುವುದು ಪ್ರೊಮೆಥಜಿನ್. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು, ಉಸಿರಾಟವೇ ನಿಧಾನವಾಗುವ ಅಪಾಯ ಇದೆ. ಅರ್ಧ ಮಾತ್ರೆ, ಕಾಲು ಮಾತ್ರೆ ಅನ್ನುವ ಲೆಕ್ಕವೂ ಬೇಡ. ಪ್ರಯಾಣದಲ್ಲಿ ಮಗು ನಿದ್ದೆ ಮಾಡಲಿ ಅಂತ ಕೆಮ್ಮಿನ ಸಿರಪ್ ಕುಡಿಸುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ.

ನಿಮ್ಮ ನೆಂಟರ ಭಯಕ್ಕೆ ಬರೋಣ. ಮಂಗನ ಕಾಯಿಲೆ ನಿಜ, ಅದು ನಮ್ಮ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಇದು ಗೊತ್ತಾಯಿತು. ಅದಕ್ಕೇ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ 2018-19ರಲ್ಲಿ ದೊಡ್ಡದಾಗಿ ಬಂದು ಸಾವುಗಳೂ ಆದವು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯಬಹುದು, ಇದಕ್ಕೇ ಅಂತ ಔಷಧಿ ಇಲ್ಲ. ಹಗುರವಾಗಿ ತೆಗೆದುಕೊಳ್ಳುವ ಕಾಯಿಲೆ ಅಲ್ಲ.

ಆದರೆ ಅದು ಹೇಗೆ ಬರುತ್ತದೆ ಅಂತ ತಿಳಿದುಕೊಂಡರೆ ಭಯದ ಜಾಗದಲ್ಲಿ ಎಚ್ಚರ ಬರುತ್ತದೆ. ವೈರಸ್ ಇರುವುದು ಉಣುಗಿನಲ್ಲಿ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಲ್ಲಿ. ಉಣುಗು ಕಚ್ಚಿ ಮಂಗಕ್ಕೆ ಕಾಯಿಲೆ ಬರುತ್ತದೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗೆ ಉದುರಿ ತರಗೆಲೆಯಲ್ಲಿ ಹರಡುತ್ತವೆ, ಮುಂದೆ ಸಿಕ್ಕ ಪ್ರಾಣಿಗೋ ಮನುಷ್ಯರಿಗೋ ಹತ್ತುತ್ತವೆ. ಮಳೆ ನಿಂತು ನೆಲ ಒಣಗಿದ ಮೇಲೆ ಎಳ್ಳಿನಷ್ಟು ಚಿಕ್ಕ ಮರಿ ಉಣುಗುಗಳು ಜಾಸ್ತಿಯಾಗುತ್ತವೆ. ಅದಕ್ಕೇ ಡಿಸೆಂಬರ್‌ನಿಂದ ಮೇವರೆಗೆ ಈ ಕಾಯಿಲೆಯ ಕಾಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬರುವುದು ಹೆಚ್ಚಾಗಿ ಸೌದೆ, ಸೊಪ್ಪು, ದರಗು ತರಲು ಕಾಡಿಗೆ ಹೋಗುವವರಿಗೆ, ದನ ಮೇಯಿಸುವವರಿಗೆ, ಕಾಡಂಚಿನ ತೋಟದಲ್ಲಿ ಕೆಲಸ ಮಾಡುವವರಿಗೆ. ಅಂಗಳದಲ್ಲಿ ಆಡುವ ನಿಮ್ಮ ಮಗಳಿಗೆ ಆ ಅಪಾಯ ತುಂಬ ಕಡಿಮೆ. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನ ಟ್ರೆಕ್ಕಿಂಗ್ ಹೋದರೆ ಮಾತ್ರ ಆ ಲೆಕ್ಕ ಬದಲಾಗುತ್ತದೆ.

ಬುಕ್ ಮಾಡುವ ಮುಂಚೆ ಮನೆಯವರಿಗೆ ನೇರವಾಗಿ ಕೇಳಿ: ಈ ಸಲ ನಿಮ್ಮೂರಲ್ಲಿ, ಪಕ್ಕದೂರಲ್ಲಿ ಮಂಗ ಸತ್ತಿದೆಯಾ? ಕೆಎಫ್‌ಡಿ ಜ್ವರ ಯಾರಿಗಾದರೂ ಬಂದಿದೆಯಾ? ಒಳ್ಳೆಯ ಮನೆಯವರು ಮುಚ್ಚಿಡುವುದಿಲ್ಲ. ಅವರಿಗೂ ಅವರ ಮಕ್ಕಳು ಮುಖ್ಯ. ಸಂಶಯ ಇದ್ದರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹತ್ತಿರದಲ್ಲಿ ಪ್ರಕರಣ ಇದೆ ಅಂದರೆ ಆ ಊರು ಬೇಡ, ಸಾಗರ ಪಟ್ಟಣಕ್ಕೆ ಹತ್ತಿರದ ಮನೆ ನೋಡಿ. ಹೋದ ಮೇಲೆ ಮಗು ತರಗೆಲೆಯ ರಾಶಿಯಲ್ಲಿ ಆಡದಂತೆ ನೋಡಿಕೊಳ್ಳಿ. ಕೊಟ್ಟಿಗೆಗೆ ಹಾಸಲು ತಂದ ದರಗು ಮನೆ ಪಕ್ಕದಲ್ಲೇ ಇರುತ್ತದೆ, ಮಕ್ಕಳಿಗೆ ಅದರಲ್ಲಿ ಹಾರಿ ಬೀಳುವುದೆಂದರೆ ಖುಷಿ. ಕಾಡು ಸುತ್ತಿ ಬರುವ ನಾಯಿಯನ್ನು ತಬ್ಬಿಕೊಳ್ಳಲು ಬಿಡಬೇಡಿ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ತಿಳಿ ಬಣ್ಣದ ಬಟ್ಟೆಯಲ್ಲಿ ಉಣುಗು ಬೇಗ ಕಾಣುತ್ತದೆ. ಇಲ್ಲಿ ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಮನೆಯಲ್ಲಿ ಬಾಟಲಿ ಇದೆ ಅಂತ ಅದನ್ನು ನೀವೇ ಮಗುವಿಗೆ ಹಚ್ಚಬೇಡಿ. ಅವಳಿಗೆ ಯಾವ ಕ್ರೀಮ್ ಆಗಬಹುದು ಅಂತ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ತನ್ನಿ. ಯಾವುದೇ ಆದರೂ ಮುಖ, ಕೈ ಬಿಟ್ಟು ಹಚ್ಚಿ, ಅವಳು ಕೈ ಬಾಯಿಗೆ ಹಾಕುತ್ತಾಳಲ್ವಾ. ಲೆಮನ್ ಯೂಕಲಿಪ್ಟಸ್ ಎಣ್ಣೆಯದ್ದು ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ.

ಸಂಜೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿಸುವಾಗ ಮೈಯೆಲ್ಲ ನೋಡಿ. ಕಿವಿಯ ಹಿಂದೆ, ಕತ್ತಿನ ಮೇಲಿನ ಕೂದಲಂಚು, ಕಂಕುಳು, ತೊಡೆ ಸಂದು, ಹೊಕ್ಕುಳು. ಉಣುಗು ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬೆಂಕಿ ತಾಗಿಸುವುದು, ಎಣ್ಣೆ ಸುರಿಯುವುದು, ಉಗುರಲ್ಲಿ ಹೊಸಕುವುದು ಬೇಡ. ಆಮೇಲೆ ಆ ಜಾಗ ಸೋಪು ಹಾಕಿ ತೊಳೆಯಿರಿ.

ಇಂಬಳದ (ಕಾಡಿನ ಜಿಗಣೆ) ಬಗ್ಗೆ ನೀವು ಕೇಳಿಲ್ಲ. ಡಿಸೆಂಬರ್ ಕೊನೆಗೆ ಅವು ಕಡಿಮೆ, ಹಳ್ಳದ ಬದಿಯ ನೆರಳಲ್ಲಿ ಒಂದೆರಡು ಸಿಗಬಹುದು. ಕಚ್ಚಿದರೆ ಉಗುರಿನಿಂದ ಅದರ ಬಾಯಿಯ ಕೆಳಗೆ ತಳ್ಳಿದರೆ ಬಿಡುತ್ತದೆ. ರಕ್ತ ಬೇಗ ನಿಲ್ಲುವುದಿಲ್ಲ, ಅದು ಸಹಜ, ಬಟ್ಟೆ ಒತ್ತಿ ಹಿಡಿಯಿರಿ. ಹೊಗೆಸೊಪ್ಪು, ಸುಣ್ಣ ಹಚ್ಚುವುದು ದೊಡ್ಡವರ ಉಪಾಯ. ಮಗುವಿನ ಚರ್ಮಕ್ಕೆ ಅದು ಬೇಡ.

ನನಗೆ ಕಾಡಿಗಿಂತ ಜಾಸ್ತಿ ಚಿಂತೆ ಇರುವುದು ನೀವು ಹೋಗುವ ಮನೆಯ ಬಗ್ಗೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಸಾಗರ ಸೀಮೆಯಲ್ಲಿ ಆಗ ಯಾವ ಮನೆಯೂ ಸುಮ್ನೆ ಇರುವುದಿಲ್ಲ. ಗೊನೆ ಬಂದು ಬೀಳುತ್ತಿರುತ್ತದೆ, ಸಂಜೆ ಅಡಿಕೆ ಸುಲಿಯಲು ಜನ ಸೇರುತ್ತಾರೆ, ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಅಂಗಳದಲ್ಲಿ, ಅಟ್ಟದಲ್ಲಿ ಹರವಿ ಒಣಗಿಸಿರುತ್ತಾರೆ. ಆ ವಾಸನೆ, ಆ ಮಾತು, ಆ ಗಡಿಬಿಡಿ ನೋಡಲು ಬಹಳ ಚೆಂದ. ಹೋಂಸ್ಟೇಗೆ ಬಂದವರು ಮನಸಾರೆ ನೋಡಲೇಬೇಕಾದ ಹೊತ್ತು ಅದು. ಆದರೆ ಸುಲಿಯುವ ಜಾಗವನ್ನು ಒಮ್ಮೆ ಮಗುವಿನ ಎತ್ತರಕ್ಕೆ ಕೂತು ನೋಡಿ. ಮೆಟ್ಟುಗತ್ತಿ ಅಂದರೆ ಮರದ ಹಲಗೆಗೆ ಸೇರಿಸಿದ, ಮೇಲಕ್ಕೆ ಎದ್ದು ನಿಂತ ಅಲಗು. ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಸುಲಿಯುವವರು ಚಾ ಕುಡಿಯಲು ಎದ್ದು ಹೋದರೂ ಕತ್ತಿ ಅಲ್ಲೇ ನಿಂತಿರುತ್ತದೆ. ಸಿಪ್ಪೆಯ ಮೇಲೆ ಜಾರಿ ಮುಗ್ಗರಿಸುವ ಮಗುವಿನ ಮುಖಕ್ಕೂ ಆ ಅಲಗಿಗೂ ಒಂದು ಗೇಣು ದೂರ ಇರುವುದಿಲ್ಲ. ಆ ಜಾಗಕ್ಕೆ ಮಗುವನ್ನು ಇಳಿಸಲೇಬೇಡಿ, ಎತ್ತಿಕೊಂಡೇ ತೋರಿಸಿ. ಬೇಯಿಸುವ ಹಂಡೆಯ ಹತ್ತಿರವೂ ಅಷ್ಟೇ. ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ತುಂಬಿದ ಪಾತ್ರೆ ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಸುಡುತ್ತಲೇ ಇರುತ್ತದೆ.

ಒಣಗಿದ ಅಡಿಕೆ ಚೂರು ಮಗುವಿನ ಕೈಗೆ ಸುಲಭವಾಗಿ ಸಿಗುತ್ತದೆ. ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಬಹುದು, ಜಗಿದರೆ ಸೊಕ್ಕಬಹುದು: ಬೆವರು, ವಾಂತಿ, ಮಂಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ, ಗೋಡಂಬಿ, ದ್ರಾಕ್ಷಿಯನ್ನೂ ಕೊಡಬಾರದು. ಉಸಿರು ಕಟ್ಟಿ, ಕೆಮ್ಮಲೂ ಅಳಲೂ ಆಗದಿದ್ದರೆ ಮಗುವನ್ನು ಮುಂದಕ್ಕೆ ಬಾಗಿಸಿ ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಜೋರಾಗಿ ತಟ್ಟಿ. ಆಗದಿದ್ದರೆ ಹಿಂದೆ ಮಂಡಿಯೂರಿ ಕೂತು, ಮುಷ್ಟಿಯನ್ನು ಹೊಕ್ಕುಳದ ಸ್ವಲ್ಪ ಮೇಲಿಟ್ಟು, ಒಳಗೆ ಮತ್ತು ಮೇಲಕ್ಕೆ ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಹೊಟ್ಟೆ ಒತ್ತಬಾರದು ಅನ್ನುವುದೂ ನೆನಪಿರಲಿ.

ಬಚ್ಚಲುಮನೆಗೆ ಬನ್ನಿ. ಹಳೆ ಮನೆಯಲ್ಲಿ ಹಂಡೆ ಒಲೆ ಇದ್ದರೆ ನೀರು ಕುದಿಯುವಷ್ಟು ಬಿಸಿ ಇರುತ್ತದೆ. ಬಕೆಟಿಗೆ ಯಾವಾಗಲೂ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಬಿಸಿನೀರು ಮೊದಲು ಹಾಕಿ ತಣ್ಣೀರಿಗೆ ತಿರುಗುವಷ್ಟರಲ್ಲಿ ಮಗು ಬಕೆಟ್ ಹಿಡಿದು ಎದ್ದು ನಿಂತಿರುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಪೇಸ್ಟು, ಅರಿಶಿನ, ಇಂಕು ಯಾವುದೂ ಬೇಡ.

ಹೊಸದಾಗಿ ಕಟ್ಟಿದ ಕೋಣೆಗಳಲ್ಲಿ ಗ್ಯಾಸ್ ಗೀಸರ್ ಇರುತ್ತದೆ. ಇದನ್ನು ಒತ್ತಿ ಹೇಳುತ್ತೇನೆ. ಗೀಸರ್ ಬಾತ್‌ರೂಮಿನ ಒಳಗೇ ಇದ್ದು, ಗಾಳಿಯಾಡಲು ಜಾಗ ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿ ಮಗುವಿಗೆ ನಿಧಾನವಾಗಿ ಸ್ನಾನ ಮಾಡಿಸುವಾಗ ತಾಯಿ, ಮಗು ಇಬ್ಬರಿಗೂ ತಲೆ ಸುತ್ತಿ ಬೀಳುವಂತಾಗುತ್ತದೆ. ಜೀವಕ್ಕೇ ಅಪಾಯ. ಫೋನಿನಲ್ಲೇ ಕೇಳಿ: ಗೀಸರ್ ಎಲ್ಲಿದೆ, ಹೊರಗಾ ಒಳಗಾ? ಒಳಗಿದ್ದರೆ ನೀರನ್ನು ಬಕೆಟಿಗೆ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿ, ಆಮೇಲೆ ಮಗುವನ್ನು ಒಳಗೆ ಕರೆದುಕೊಂಡು ಹೋಗಿ.

ಮನೆ ಆರಿಸುವಾಗ ಫೋಟೋಗಳಲ್ಲಿ ಬೆಟ್ಟ, ಮಂಜು, ಈಜುಕೊಳ ನೋಡಬೇಡಿ. ಜಗಲಿಯ ಎತ್ತರ ನೋಡಿ. ಮಲೆನಾಡಿನ ಹಳೆ ಮನೆಯ ಜಗಲಿ ಎತ್ತರ, ಎಷ್ಟೋ ಕಡೆ ತಡೆ ಇರುವುದಿಲ್ಲ. ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲು ಕಡಿದಾಗಿರುತ್ತದೆ. ಕೆಳಗಿನ ಕೋಣೆಯನ್ನೇ ಕೇಳಿ, ಅತ್ತೆಯವರಿಗೂ ಅದೇ ಅನುಕೂಲ. ಬಾವಿಗೆ ಕಟ್ಟೆ ಇದೆಯಾ, ಮುಚ್ಚಳ ಇದೆಯಾ? ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ, ತೋಟದ ಕೃಷಿಹೊಂಡಕ್ಕೆ ಬೇಲಿ ಇದೆಯಾ? ಈ ವಯಸ್ಸಿನ ಮಗು ಅರ್ಧ ಬಕೆಟ್ ನೀರಿನಲ್ಲೂ ತಲೆಕೆಳಗಾಗಿ ಮುಳುಗಬಹುದು. ಮನೆಗೆ ಕಾಲಿಟ್ಟ ತಕ್ಷಣ ಸಾಮಾನು ಇಳಿಸುವ ಮುಂಚೆ ಒಬ್ಬರು ಮಗುವನ್ನು ಹಿಡಿದುಕೊಂಡಿರಿ, ಇನ್ನೊಬ್ಬರು ಸುತ್ತ ಒಂದು ಸುತ್ತು ನೋಡಿಕೊಂಡು ಬನ್ನಿ. ಆಮೇಲೆ ಯಾರ ಪಾಳಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. "ಈಗ ನೀನು ನೋಡ್ಕೋ" ಅಂತ ಹೇಳದೆ ಹೋದರೆ, ಮೂರು ಜನ ದೊಡ್ಡವರಿದ್ದೂ ಮಗುವನ್ನು ಯಾರೂ ನೋಡುತ್ತಿರುವುದಿಲ್ಲ.

ಊಟಕ್ಕೆ ಯೋಚನೆ ಬೇಡ. ಮಲೆನಾಡಿನ ಅಡುಗೆ ಮಕ್ಕಳಿಗೆ ಒಗ್ಗುವಂಥದ್ದು. ಕುಚ್ಚಲಕ್ಕಿ ಗಂಜಿಗೆ ತುಪ್ಪ, ಕಡುಬು, ತೆಳ್ಳೇವು, ಮೆಣಸು ಹಾಕದ ಒಂದೆಲಗದ ತಂಬುಳಿ, ದೋಸೆಗೆ ಸ್ವಲ್ಪ ಜೋನಿ ಬೆಲ್ಲ. "ಮಗುವಿಗೆ ಖಾರ ಹಾಕುವ ಮುಂಚೆ ಸ್ವಲ್ಪ ತೆಗೆದಿಡಿ" ಅಂದರೆ ಸಾಕು, ಇಲ್ಲಿನ ಅಮ್ಮಂದಿರಿಗೆ ಅರ್ಥವಾಗುತ್ತದೆ. ಕರೆದ ಹಾಲನ್ನು ಚೆನ್ನಾಗಿ ಕಾಯಿಸದೆ ಕೊಡಬೇಡಿ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸಿಯೇ ಕುಡಿಸಿ.

ಸುತ್ತಾಡಲು ದಿನಕ್ಕೊಂದು ಜಾಗ, ಅದೂ ಬೆಳಿಗ್ಗೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಸಾಗರದ ಪಕ್ಕದಲ್ಲೇ ಇದೆ. ಅಗಲವಾದ ಬಯಲು, ಮುಂದೆ ದೊಡ್ಡ ಕಲ್ಲಿನ ನಂದಿ, ಮಗು ಓಡಾಡಲು ಇದಕ್ಕಿಂತ ಒಳ್ಳೆಯ ಜಾಗ ಆ ಕಡೆ ಇಲ್ಲ. ಜೋಗ ಸಾಗರದಿಂದ 30 ಕಿಲೋಮೀಟರ್. ಡಿಸೆಂಬರಿಗೆ ನೀರು ಕಡಿಮೆಯಾಗಿರುತ್ತದೆ. ಮೇಲಿನಿಂದ ನೋಡಿ ಬನ್ನಿ, ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವ ಸಾಹಸ ಬೇಡ. ಕೊಡಚಾದ್ರಿಯ ಜೀಪು ಅಂತೂ ಬೇಡವೇ ಬೇಡ. ಆ ದಾರಿಯ ಕುಲುಕಾಟದಲ್ಲಿ ಚಿಕ್ಕ ಮಗುವಿನ ಕುತ್ತಿಗೆಗೆ ಆಸರೆ ಇರುವುದಿಲ್ಲ, ಜೀಪಿನಲ್ಲಿ ಮಗುವಿನ ಸೀಟು ಕಟ್ಟಲೂ ಬರುವುದಿಲ್ಲ. ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಮಂಜು, ರಸ್ತೆಗೆ ಬರುವ ದನ, ಎದುರಿಂದ ಬರುವ ಲಾರಿ, ಎಲ್ಲ ಆಗಲೇ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ, ಮನೆಯವರ ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಬರೆದುಕೊಳ್ಳಿ.

ಔಷಧಿ ಚೀಲದಲ್ಲಿ ಜಾಸ್ತಿ ಏನೂ ಬೇಡ. ಒಂದು ಥರ್ಮಾಮೀಟರ್, ಚಿಮಟ, ಬ್ಯಾಂಡೇಜ್, ಒಆರ್‌ಎಸ್, ಪ್ಯಾರಾಸಿಟಮಾಲ್. ಒಆರ್‌ಎಸ್ ಪುಡಿಯ ಪೊಟ್ಟಣವೇ ಇರಲಿ, ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿರಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಹಣ್ಣಿನ ರುಚಿಯ ಡಬ್ಬಿ ಪಾನೀಯಗಳು ಅದರ ಬದಲಿಗೆ ಆಗುವುದಿಲ್ಲ. ಪ್ಯಾರಾಸಿಟಮಾಲ್‌ನಲ್ಲಿ ಒಂದು ಎಚ್ಚರ: ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿಲಿಗೆ 125 ಅಥವಾ 250. ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ಹಲವು ಪಟ್ಟು ಜಾಸ್ತಿಯಾಗುತ್ತದೆ. ನಿಮ್ಮ ವೈದ್ಯರಿಂದ ಈಗಿನ ತೂಕಕ್ಕೆ ಎಷ್ಟು ಮಿಲಿ ಅಂತ ಬರೆಸಿ, ಆ ಚೀಟಿಯನ್ನು ಬಾಟಲಿಗೇ ಅಂಟಿಸಿ.

ಸಾಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಹೋಂಸ್ಟೇಯಿಂದ ಸಾಗರಕ್ಕೆ ಅರ್ಧ ಗಂಟೆಗಿಂತ ದೂರ ಇರದಂತೆ ಮನೆ ಆರಿಸಿ. ರಾತ್ರಿ ಅಂಗಳಕ್ಕೆ ಹೋಗುವಾಗ ಟಾರ್ಚ್ ಇರಲಿ. ಹಾವು ಕಚ್ಚಿದೆ ಅನ್ನುವ ಸಂಶಯ ಬಂದರೂ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಗೆ ಕಾಯುವುದು ಬೇಡ, ಮಗುವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ 102 ದಾಟಿ ಇಳಿಯದಿದ್ದರೆ, ಮಗು ಏನೂ ಕುಡಿಯದೆ ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಬೆಂಗಳೂರಿಗೆ ಹಿಂತಿರುಗಿದ ಮೇಲೆ ಎರಡು ವಾರದೊಳಗೆ ನಿಮ್ಮ ನಾಲ್ವರಲ್ಲಿ ಯಾರಿಗೇ ಜ್ವರ ಬಂದರೂ, ವೈದ್ಯರ ಹತ್ತಿರ ಮೊದಲ ಮಾತಾಗಿ "ಸಾಗರದ ಕಡೆ ಹೋಗಿದ್ದೆವು, ಇಂಥ ಊರಲ್ಲಿ ಇದ್ದೆವು" ಅಂತ ಹೇಳಿ. ಉಣುಗು ಕಚ್ಚಿದ್ದರೆ ಅದನ್ನೂ ಹೇಳಿ. ಹೆಚ್ಚಿನ ಸಲ ಅದು ಸಾಮಾನ್ಯ ಶೀತ ಜ್ವರವೇ ಆಗಿರುತ್ತದೆ. ಆದರೆ ಬೆಂಗಳೂರಿನ ವೈದ್ಯರಿಗೆ ಕೆಎಫ್‌ಡಿ ಪರೀಕ್ಷೆ ಮಾಡಿಸಬೇಕು ಅಂತ ಹೊಳೆಯುವುದು ನೀವು ಊರಿನ ಹೆಸರು ಹೇಳಿದಾಗಲೇ.